ಮಾಕಿಂಗ್‌ಜೇ ಮರುಓದು: ಮೂರನೇ ಭಾಗದ ಹತ್ತಿರಹತ್ತಿರ ಕೊನೆಗೆ ಬಂದೆ

ಬಣ್ಣದ ಪೆನ್ಸಿಲ್ ಹಿಡಿದು ಮಾಕಿಂಗ್‌ಜೇ ಓದುವ ಕೆಲಸದಲ್ಲಿ 26ನೇ ಅಧ್ಯಾಯ ಮುಗಿಯಿತು. ಕಥೆಯ ಕೊನೆಯೂ ಇಲ್ಲಿ ಬರುತ್ತದೆ, ಹಾಗಾಗಿ ಇನ್ನೂ ಓದದವರು ಮೊದಲು ಪುಸ್ತಕ ಮುಗಿಸಿ ಬನ್ನಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಸುಝೇನ್ ಕಾಲಿನ್ಸ್ ಅವರ ಹಂಗರ್ ಗೇಮ್ಸ್ ಸರಣಿಯಲ್ಲಿ ಕ್ಯಾಟ್ನಿಸ್ ಕಥೆ ಮುಗಿಯುವುದು ಈ ಪುಸ್ತಕದಲ್ಲಿ. ಆ ಲೋಕದಲ್ಲಿ ರಾಜಧಾನಿ ಕ್ಯಾಪಿಟಲ್ ತನ್ನ ಅಧೀನದ ಡಿಸ್ಟ್ರಿಕ್ಟ್‌ಗಳ ಮಕ್ಕಳನ್ನು ಟಿವಿ ಕ್ಯಾಮೆರಾ ಮುಂದೆ ಒಬ್ಬರನ್ನೊಬ್ಬರು ಕೊಲ್ಲುವ ಆಟಕ್ಕೆ ಇಳಿಸುತ್ತದೆ. ಆ ಆಟ ಗೆದ್ದ ಹುಡುಗಿ ಕ್ಯಾಟ್ನಿಸ್, ಇಲ್ಲಿ ಅವಳು ಬಂಡಾಯದ ಮುಖ. ಬಂದದ್ದು 2010ರ ಆಗಸ್ಟ್‌ನಲ್ಲಿ. ಆಮೇಲೆ 2020ರಲ್ಲಿ ಒಂದು, 2025ರಲ್ಲಿ ಒಂದು ಬಂದವು, ಆದರೆ ಅವೆರಡೂ ಅವಳಿಗಿಂತ ಹಿಂದಿನ ಕಾಲದ ಕಥೆಗಳು. ಈ ಪುಸ್ತಕದ ಬಗ್ಗೆ ಒಂದು ದೂರು ಯಾವಾಗಲೂ ಕೇಳಿಬರುತ್ತದೆ: ಕ್ಯಾಪಿಟಲ್‌ನ ಅಧ್ಯಕ್ಷ ಸ್ನೋನನ್ನು ಕೊಲ್ಲಬೇಕಾದ ಬಾಣವನ್ನು ಕ್ಯಾಟ್ನಿಸ್ ಬಂಡಾಯದ ನಾಯಕಿ ಕಾಯಿನ್‌ಗೆ ಬಿಡುವುದು ಇದ್ದಕ್ಕಿದ್ದಂತೆ ಆಗಿಬಿಡುತ್ತದೆ, ಕೊನೆಯಲ್ಲಿ ಅವಸರ ಜಾಸ್ತಿ ಅಂತ. ನನಗೆ ಯಾವತ್ತೂ ಹಾಗೆ ಅನಿಸಿಲ್ಲ. ಸುಮ್ನೆ ಹೇಳಿದರೆ ಯಾರೂ ಒಪ್ಪುವುದಿಲ್ಲ, ಪುಟ ತೋರಿಸಬೇಕು ಅಲ್ವಾ? ಅದಕ್ಕೇ ಈ ಕೆಲಸ.

ಮಾಡುತ್ತಿರುವುದು ಇಷ್ಟೇ. ಕ್ಯಾಟ್ನಿಸ್ ಕ್ಯಾಮೆರಾ ಮುಂದೆ ಬೇರೆಯವರು ಬರೆದುಕೊಟ್ಟದ್ದನ್ನು ಮಾಡಿದರೆ ಕೆಂಪು. ಕ್ಯಾಮೆರಾ ಇದ್ದರೂ ತನ್ನ ಮನಸ್ಸಿನಂತೆ ನಡೆದರೆ ಹಸಿರು. ಕ್ಯಾಮೆರಾ ಇಲ್ಲದಿದ್ದರೆ ನೀಲಿ. ಬಲೆ, ಬಾಂಬು, ಯುದ್ಧದ ತಂತ್ರದ ಮಾತು ಬಂದರೆ ಕಪ್ಪು ಗೆರೆ. ಪುಸ್ತಕದಲ್ಲಿ ಮೂರು ಭಾಗ, ಒಂದೊಂದರಲ್ಲಿ 9 ಅಧ್ಯಾಯ, ಒಟ್ಟು 27. ಸರಣಿಯ ಮೊದಲ ಎರಡು ಪುಸ್ತಕಗಳದೂ ಇದೇ ಲೆಕ್ಕ, ಆದ್ದರಿಂದ ಮುಂದೆ ಹೋಲಿಸುವುದಕ್ಕೂ ಸುಲಭ.

ಮೊದಲ ಭಾಗದಲ್ಲಿ ಕೆಂಪು ಎಲ್ಲಿದೆಯೋ ಅಲ್ಲೆಲ್ಲ ಸೋಲು. ಬಂಡಾಯದ ನೆಲೆಯಾದ ಡಿಸ್ಟ್ರಿಕ್ಟ್ 13ರ ಸ್ಟುಡಿಯೋದಲ್ಲಿ ಅವಳಿಗೆ ಮೇಕಪ್ ಹಾಕಿ, ಘೋಷಣೆ ಕೊಟ್ಟು ಶೂಟ್ ಮಾಡುತ್ತಾರೆ, ಒಂದು ಚೂರೂ ಜೀವ ಬರುವುದಿಲ್ಲ. ಆಗ ಅವಳ ಮಾರ್ಗದರ್ಶಕ ಹೇಮಿಚ್ ಎಲ್ಲರನ್ನೂ ಕೂರಿಸಿ, ಕ್ಯಾಟ್ನಿಸ್ ನಿಮ್ಮ ಮನಸ್ಸು ಮುಟ್ಟಿದ್ದು ಯಾವಾಗ ಅಂತ ಕೇಳುತ್ತಾನೆ. ತಂಗಿ ಪ್ರಿಮ್ ಬದಲು ಆಟಕ್ಕೆ ತಾನೇ ಮುಂದೆ ಬಂದದ್ದು, ಆಟದಲ್ಲಿ ಸಾಯುತ್ತಿದ್ದ ಪುಟ್ಟ ಹುಡುಗಿ ರೂಗೆ ಹಾಡಿದ್ದು, ಹೀಗೆ ಬರುವ ಉತ್ತರಗಳಲ್ಲಿ ಯಾವುದೂ ಯಾರೋ ಹೇಳಿಕೊಟ್ಟದ್ದಲ್ಲ. ಡಿಸ್ಟ್ರಿಕ್ಟ್ 8ರಲ್ಲಿ ಆಸ್ಪತ್ರೆಯ ಮೇಲೆ ಬಾಂಬ್ ಬಿದ್ದಾಗ ಅವಳು ಸಿಟ್ಟಿನಲ್ಲಿ ಆಡುವ ಮಾತೇ ಮೊದಲ ದೊಡ್ಡ ಹಸಿರು. ಆದರೆ ಆ ಮಾತನ್ನೂ ಪ್ಲೂಟಾರ್ಕ್ ತಂಡ ಎಡಿಟ್ ಮಾಡಿ ಪ್ರಚಾರಕ್ಕೆ ಬಳಸುತ್ತದೆ, ಮತ್ತು ಅವನು ಹಿಂದೆ ಇದೇ ಆಟಗಳನ್ನು ನಡೆಸುತ್ತಿದ್ದವನು. ಹಾಗಾಗಿ ಹಸಿರಿನ ಸುತ್ತ ಕೆಂಪು ಅಂಚು ಹಾಕುವ ಪದ್ಧತಿ ಅಲ್ಲಿಂದ ಶುರು ಮಾಡಿದೆ. ಅವಳ ನಿಜವಾದ ನೋವೂ ಇನ್ನೊಬ್ಬರ ಕೈಯಲ್ಲಿ ಆಯುಧ ಆಗುತ್ತದೆ, ಈ ಪುಸ್ತಕ ಇಷ್ಟು ಭಾರ ಅನಿಸುವುದು ಅದಕ್ಕೇ.

ಎರಡನೇ ಭಾಗದಲ್ಲಿ ಕಪ್ಪು ಗೆರೆಗೆ ಬಿಡುವೇ ಇಲ್ಲ. 13ನೇ ಅಧ್ಯಾಯವನ್ನು ದಯವಿಟ್ಟು ನಿಧಾನವಾಗಿ ಓದಿ. ಬೇಟೆಯ ಉರುಳಿನ ಲೆಕ್ಕವನ್ನೇ ಮನುಷ್ಯರಿಗೆ ಹೊಂದಿಸಿ ಕ್ಯಾಟ್ನಿಸ್ ಜೊತೆ ಬೇಟೆಯಾಡುತ್ತಿದ್ದ ಗೆಳೆಯ ಗೇಲ್ ಮತ್ತು ಬಂಡಾಯದ ಆಯುಧ ತಜ್ಞ ಬೀಟಿ ಹೊಸ ಬಾಂಬ್ ಯೋಚಿಸುತ್ತಿರುತ್ತಾರೆ. ಒಂದು ಸಲ ಸಿಡಿಯಬೇಕು, ಗಾಯಾಳುಗಳನ್ನು ಉಳಿಸಲು ಜನ ಓಡಿ ಬರುವಷ್ಟು ಹೊತ್ತು ಬಿಡಬೇಕು, ಆಮೇಲೆ ಎರಡನೆಯದು ಸಿಡಿಯಬೇಕು. ಇದು ಮಿತಿ ಮೀರಿತು ಅಂತ ಕ್ಯಾಟ್ನಿಸ್ ಆಗಲೇ ಹೇಳುತ್ತಾಳೆ. ಎದುರಾಳಿ ಮಾಡುವುದನ್ನೇ ನಾವೂ ಮಾಡುತ್ತಿದ್ದೇವೆ ಎನ್ನುವುದು ಗೇಲ್ ಉತ್ತರ. ಮುಂದಿನ ಅಧ್ಯಾಯಗಳಲ್ಲಿ ಡಿಸ್ಟ್ರಿಕ್ಟ್ 2ರ ಬೆಟ್ಟದೊಳಗಿನ ಸೇನಾ ನೆಲೆಯನ್ನು ಭೂಕುಸಿತದಿಂದ ಮುಚ್ಚುವ ಸಲಹೆ ಕೊಡುವವನೂ ಅವನೇ. ಗೇಲ್, ಕ್ಯಾಟ್ನಿಸ್ ಇಬ್ಬರ ಅಪ್ಪಂದಿರೂ ಗಣಿ ಸ್ಫೋಟದಲ್ಲಿ ಸತ್ತವರು! ಗೇಲ್ ಮತ್ತು ಕ್ಯಾಟ್ನಿಸ್ ದೂರವಾಗುವುದು ಆಟದಲ್ಲಿ ಅವಳ ಜೊತೆಗಿದ್ದ ಪೀಟಾನಿಂದ ಅಂತ ಹೇಳುವವರು ಈ ಅಧ್ಯಾಯಗಳನ್ನು ಮತ್ತೊಮ್ಮೆ ನೋಡಬೇಕು. ನನ್ನ ಪ್ರಕಾರ ಆ ಬಿರುಕು ಇಲ್ಲೇ ಬಿತ್ತು.

ಮೂರನೇ ಭಾಗದ ಸುರಂಗ, ಓಟ, ಸಾವುಗಳನ್ನು ಬೇಗ ದಾಟಿದೆ, ಬಣ್ಣ ಹಾಕುವುದಕ್ಕೆ ಅಲ್ಲಿ ಹೆಚ್ಚೇನಿಲ್ಲ (ಅವಳ ಜೊತೆಗಾರ ಫಿನಿಕ್ ಸಾಯುವ ಪುಟದಲ್ಲಿ ಮಾತ್ರ ನಿಂತೆ, ಅದು ಈಗಲೂ ಸಂಕಟ). 24ನೇ ಅಧ್ಯಾಯದಲ್ಲಿ ಕ್ಯಾಪಿಟಲ್ ಗುರುತಿನ ವಿಮಾನದಿಂದ ಮಕ್ಕಳ ಗುಂಪಿನ ಮೇಲೆ ಬೆಳ್ಳಿ ಪ್ಯಾರಾಚೂಟ್‌ಗಳು ಬೀಳುತ್ತವೆ. ಕೆಲವು ಸಿಡಿಯುತ್ತವೆ. ವೈದ್ಯಕೀಯ ತಂಡ ಓಡಿ ಬರುತ್ತದೆ, ಅದರಲ್ಲಿ ಪ್ರಿಮ್ ಇರುತ್ತಾಳೆ. ಉಳಿದವು ಆಗ ಸಿಡಿಯುತ್ತವೆ. 13ನೇ ಅಧ್ಯಾಯದಿಂದ 24ನೆಯದಕ್ಕೆ ನನ್ನ ಚಾರ್ಟ್‌ನಲ್ಲಿ ಕಪ್ಪು ಗೆರೆ ನೇರವಾಗಿ ಬಂದು ನಿಂತಿತು. ಇನ್ನೂ 14 ತುಂಬದ ಹುಡುಗಿಯನ್ನು ಮುಂಚೂಣಿಗೆ ಕಳಿಸಿದ್ದು ಯಾರು ಎನ್ನುವ ಪ್ರಶ್ನೆ ಆಮೇಲೆ ಬರುತ್ತದೆ, ಬಾಂಬ್ ತನ್ನದಲ್ಲ, ಕಾಯಿನ್‌ದು ಅಂತ ಸ್ನೋ ಹೇಳುತ್ತಾನೆ. ಅದಾದ ಮೇಲೆ ಕಾಯಿನ್ ಬಂದು, ಕ್ಯಾಪಿಟಲ್ ಮಕ್ಕಳನ್ನು ಹಾಕಿ ಇನ್ನೊಂದು ಆಟ ನಡೆಸೋಣ ಅಂತ ಮತಕ್ಕೆ ಇಡುತ್ತಾಳೆ. ಕ್ಯಾಟ್ನಿಸ್ ಒಪ್ಪಿದ ಹಾಗೆ ಮತ ಹಾಕುವುದು ಕಾಯಿನ್ ನಂಬಿಕೆ ಉಳಿಸಿಕೊಳ್ಳಲು ಅಂತಲೇ ನಾನು ಓದುತ್ತೇನೆ. ಬೇರೆ ಥರ ಓದುವವರೂ ಇದ್ದಾರೆ, ಆದರೆ ಹಿಂದಿನ ಪುಟಗಳೆಲ್ಲ ನನ್ನ ಕಡೆಗಿವೆ.

ಈ ಸಲ ಕಣ್ಣಿಗೆ ಬಿದ್ದ ಇನ್ನೊಂದು ವಿಷಯವೂ ಇದೆ. ಸ್ನೋನನ್ನು ತಾನೇ ಕೊಲ್ಲಬೇಕು ಎನ್ನುವುದು ಬಂಡಾಯದ ಮುಖ ಆಗಲು ಮೊದಲ ಭಾಗದಲ್ಲೇ ಅವಳು ಹಾಕಿದ ಷರತ್ತು. ಕೊನೆಗೆ ಎಲ್ಲರ ಎದುರು ಅವಳ ಕೈಗೆ ಬಿಲ್ಲು ಬರುವುದು ಆ ಷರತ್ತಿನಿಂದ. ಅಂದರೆ ಆ ಮರಣದಂಡನೆ ಪೂರ್ತಿ ಕೆಂಪು ದೃಶ್ಯ: ವೇದಿಕೆ, ಜನ, ಕ್ಯಾಮೆರಾ, ಮೊದಲೇ ಬರೆದಿಟ್ಟ ಅಂತ್ಯ. ಬಿಲ್ಲು ಮೇಲೆ ನಿಂತ ಕಾಯಿನ್ ಕಡೆಗೆ ತಿರುಗಿದ ಒಂದೇ ಕ್ಷಣದಲ್ಲಿ ಅದು ಹಸಿರಾಗುತ್ತದೆ, ಮತ್ತು ಈ ಸಲ ಅದರ ಸುತ್ತ ಅಂಚು ಹಾಕಲು ಯಾರಿಗೂ ಆಗುವುದಿಲ್ಲ. ಇದನ್ನು ಅವಸರ ಅಂತ ಹೇಗೆ ಕರೆಯುವುದು?

ಇನ್ನು ಉಳಿದದ್ದು 27ನೇ ಅಧ್ಯಾಯ ಮತ್ತು ಕೊನೆಯ ಕಿರು ಅಧ್ಯಾಯ, ಅಲ್ಲಿ ನೀಲಿಯೇ ಜಾಸ್ತಿ ಬರಬೇಕು. ಅದು ಮುಗಿದ ಮೇಲೆ 2008ರ ಮೊದಲ ಪುಸ್ತಕಕ್ಕೆ ಇದೇ ಬಣ್ಣ ಹಾಕುತ್ತೇನೆ. ಅಲ್ಲಿ ಕ್ಯಾಮೆರಾ ಇದೆ ಅಂತ ಗೊತ್ತಿದ್ದೇ ಅವಳು ನಟಿಸುವ ಜಾಗಗಳಿವೆ, ಪೀಟಾ ಜೊತೆ ಗುಹೆಯಲ್ಲಿರುವ ಅಧ್ಯಾಯಗಳಲ್ಲಂತೂ ತುಂಬಾ. ಅದಕ್ಕೆ ಹಳದಿ ಸೇರಿಸಬೇಕು ಅಂದುಕೊಂಡಿದ್ದೇನೆ.