ಪಾರ್ಟಿ ಯಾವ ಕಡೇರು?

ದಾವಣಗೆರೆಯಲ್ಲಿ ಮನೆ, ಸೈಟು ಕೊಳ್ಳುವವರಿಗೆ ಕ್ರಯಪತ್ರ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಅಪ್ಪನೂ ಪತ್ರ ಬರಹಗಾರರೇ. ಅವರ ಕಾಲದ ಹಳೇ ಪತ್ರಗಳನ್ನು ತೆಗೆದರೆ ಹೆಸರು, ತಂದೆ ಹೆಸರು, ಕಸುಬಿನ ಪಕ್ಕದಲ್ಲೇ ಜಾತಿಯೂ ಕಾಣುತ್ತದೆ. ಈಗ ನಾವು ಆಧಾರ್, ಪ್ಯಾನ್ ಬರೆಯುತ್ತೇವೆ. ಜಾತಿ ಪತ್ರದಿಂದ ಎದ್ದು ಬ್ರೋಕರ್ ಫೋನಿಗೆ ಹೋಗಿ ಕೂತಿದೆ.

"ಪಾರ್ಟಿ ಯಾವ ಕಡೇರು ಅಣ್ಣ? ನಮ್ಮೋರೇನಾ?" ಅಡ್ವಾನ್ಸಿಗೂ ಮುಂಚೆ ಬರುವ ಪ್ರಶ್ನೆ ಇದು. ನನ್ನ ಹಣೆಯಲ್ಲಿ ವಿಭೂತಿ ಇರುವುದರಿಂದ ನನ್ನೆದುರು ಯಾರೂ ಮುಚ್ಚಿಟ್ಟು ಮಾತಾಡುವುದಿಲ್ಲ. ಕೊಳ್ಳುವವರ ಊರು, ಕೇರಿ ಗೊತ್ತಾದ ಮೇಲೆ "ಮನೇಲಿ ಹೆಂಗಸ್ರು ಒಪ್ತಿಲ್ರೀ" ಅನ್ನುತ್ತಾರೆ. ಹೆಂಗಸರನ್ನು ಕೇಳಿರುವುದೇ ಇಲ್ಲ, ಅದು ಬೇರೆ ಮಾತು. ಮುಸ್ಲಿಂ ಕುಟುಂಬವಾದರೆ ಅಷ್ಟು ಸುತ್ತಿ ಹೇಳುವ ಶ್ರಮವನ್ನೂ ತಗೊಳ್ಳುವುದಿಲ್ಲ. "ಅವರಿಗೆ ಆಜಾದ್ ನಗರ, ಬಾಷಾ ನಗರ ಇದಾವಲ್ಲ" ಎಂದು ಅಲ್ಲಿಗೆ ಮುಗಿಸುತ್ತಾರೆ.

ಒಮ್ಮೆ ನಮ್ಮೂರಿನ ಹುಡುಗನೊಬ್ಬ ಅಮೆರಿಕದಿಂದ ಬಂದವನು ಅಪ್ಪನ ಹೆಸರಿಗೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಮಾಡಿಸಲು ಬಂದಿದ್ದ. ಮಾತಿಗೆ ಮಾತು ಬೆಳೆದು, ಅಲ್ಲಿನ ಹಳೇ ಕ್ರಯಪತ್ರಗಳಲ್ಲೇ 'ಕರಿಯರಿಗೆ ಮಾರಕೂಡದು' ಎಂಬ ಷರತ್ತು ಇರುತ್ತಿತ್ತು ಅಂದ. ನನ್ನ ಕಸುಬಿನ ವಿಷಯವಲ್ಲವೇ, ಆಮೇಲೆ ಕೂತು ಓದಿದೆ. ಸೇಂಟ್ ಲೂಯಿಸ್‌ನಲ್ಲಿ 1911ರಲ್ಲಿ ಒಂದು ಬೀದಿಯವರು ಅಂಥ ಕರಾರು ಬರೆದುಕೊಂಡಿದ್ದರು. 1945ರಲ್ಲಿ ಶೆಲ್ಲಿ ಎಂಬ ಕಪ್ಪು ಜನಾಂಗದ ಕುಟುಂಬ ಅಲ್ಲಿ ಮನೆ ಕೊಂಡಿತು, ನೆರೆಯವರು ಕೋರ್ಟಿಗೆ ಹೋದರು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಂಥ ಷರತ್ತನ್ನು ಯಾವ ನ್ಯಾಯಾಲಯವೂ ಜಾರಿ ಮಾಡಿಸುವಂತಿಲ್ಲ ಎಂದಿತು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ಊರುಗಳ ನಕ್ಷೆ ಮಾಡಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಳಿದು, ಸಾಲಕ್ಕೆ ಅಪಾಯದ ಜಾಗ ಎಂದು ಗುರುತು ಹಾಕಿತ್ತು. 1968ರಲ್ಲಿ ಕಾನೂನು ಬಂದು ಮನೆ ಮಾರುವಾಗ ಜನಾಂಗ ನೋಡಿ ಭೇದ ಮಾಡುವುದೇ ಕಾನೂನುಬಾಹಿರವಾಯಿತು. ಆದರೂ ಇವತ್ತು ಅಲ್ಲಿ ನೂರರಲ್ಲಿ ಸುಮಾರು 74 ಬಿಳಿಯ ಕುಟುಂಬಗಳಿಗೆ ಸ್ವಂತ ಮನೆ ಇದ್ದರೆ, ಕಪ್ಪು ಕುಟುಂಬಗಳಲ್ಲಿ ಸುಮಾರು 45ಕ್ಕೆ ಮಾತ್ರ.

ನಮ್ಮಲ್ಲಿ? ಗುಜರಾತಿನ ಒಂದು ಪಾರ್ಸಿ ಗೃಹ ಸಹಕಾರ ಸಂಘದ ಬೈಲಾ, ಅಂದರೆ ಒಳನಿಯಮದ ಪ್ರಕಾರ ಪಾರ್ಸಿಗಳಷ್ಟೇ ಸದಸ್ಯರಾಗಬಹುದಿತ್ತು. 2005ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದು ಕಾನೂನುಬಾಹಿರವಲ್ಲ ಎಂದಿತು. ಅಲ್ಪಸಂಖ್ಯಾತರ ಸಂಘ, ಅದರ ನ್ಯಾಯ ಬೇರೆ ಎಂದು ವಕೀಲ ಮಿತ್ರರು ವಾದಿಸುತ್ತಾರೆ. ಇರಬಹುದು. ನಮ್ಮೂರಿನವರಿಗೆ ಬೈಲಾ ಬೇಕಿಲ್ಲ, ಫೋನು ಸಾಕು.

ಇಷ್ಟೆಲ್ಲ ದಾಟಿ, ಜಾತಿ ಕೇಳದೆ ಮಾರುವವರು ಸಿಕ್ಕರು ಅನ್ನಿ. ಆಗ ದುಡ್ಡಿನ ಲೆಕ್ಕ ಬರುತ್ತದೆ. ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು.

ಒಂದೇ ಶಾಲೆಯ ಇಬ್ಬರು ಮೇಷ್ಟ್ರು ನನ್ನಲ್ಲಿಗೆ ಬಂದಿದ್ದರು. ಒಂದೇ ಸಂಬಳ. ಒಬ್ಬರು ಚನ್ನಗಿರಿ ಕಡೆಯವರು, ನಮ್ಮವರೇ, ಅಡಿಕೆ ತೋಟ ಇದೆ. ಇನ್ನೊಬ್ಬರು ಜಗಳೂರು ಕಡೆಯ ದಲಿತ ಕೇರಿಯವರು. ಮೂವತ್ತು-ನಲವತ್ತರ ಸೈಟಿನ ಹಳೇ ಮನೆಯೊಂದಕ್ಕೆ 60 ಲಕ್ಷಕ್ಕೆ ಮಾತಾಯಿತು ಎಂದುಕೊಳ್ಳಿ. ಮಾರುವವರು ಪತ್ರದಲ್ಲಿ ಸರ್ಕಾರ ಗೊತ್ತು ಮಾಡಿದ ಗೈಡೆನ್ಸ್ ಬೆಲೆಯಷ್ಟೇ ತೋರಿಸಿ ಅನ್ನುತ್ತಾರೆ, 35 ಲಕ್ಷ ಇಡಿ. ಉಳಿದ 25 ಲಕ್ಷ ಕೈಗೆ, ನೋಟಿನಲ್ಲಿ. ಇದು ತಪ್ಪು ಎಂದು ಎಲ್ಲರಿಗೂ ಗೊತ್ತು, ನಿಲ್ಲಿಸುವವರು ಯಾರೂ ಇಲ್ಲ. ಬ್ಯಾಂಕಿನವರು ನೋಡುವುದು ಪತ್ರದ 35 ಲಕ್ಷವನ್ನು. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಬೆಲೆಯ ಶೇ. 90ರವರೆಗೆ, ಅದರ ಮೇಲೆ 75 ಲಕ್ಷದವರೆಗೆ ಶೇ. 80. ಅಂದರೆ ಇಲ್ಲಿ ಬಹಳವೆಂದರೆ 30 ಲಕ್ಷ ಸಿಕ್ಕೀತು. ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2, ಮೇಲೆ ಸೆಸ್ಸು. ಅದೇ ಎರಡೂವರೆ ಲಕ್ಷ ದಾಟುತ್ತದೆ. ಒಟ್ಟು ಮೂವತ್ತೆರಡೂವರೆ ಲಕ್ಷಕ್ಕೂ ಮಿಗಿಲು ಕೈಯಿಂದ ಹಾಕಬೇಕು.

ಚನ್ನಗಿರಿ ಮೇಷ್ಟ್ರಿಗೆ ತೋಟದ ದುಡ್ಡು ಬಂತು, ಮಾವನ ಮನೆಯಿಂದಲೂ ಸ್ವಲ್ಪ ಬಂತು. ಜಗಳೂರು ಮೇಷ್ಟ್ರ ತಂದೆಗೆ ಇರುವುದು ಕಾಲೊನಿಯಲ್ಲಿ ಹಕ್ಕುಪತ್ರದ ಒಂದು ಮನೆ, ಸರ್ಕಾರ ಮಂಜೂರು ಮಾಡಿದ ಎರಡು ಎಕರೆ ಮಳೆಯಾಶ್ರಿತ ಹೊಲ. ಆ ಹೊಲ, ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ ಬರುತ್ತದೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಕಾಯ್ದೆ ಬೇಡವೆನ್ನುವವನಲ್ಲ ನಾನು. ಅದಿಲ್ಲದಿದ್ದಾಗ ಒಂದು ಬಾಟ್ಲಿ, ಒಂದು ಹೆಬ್ಬೆಟ್ಟಿಗೆ ಹೋದ ಜಮೀನುಗಳ ಪತ್ರ ನಮ್ಮ ಅಪ್ಪನ ಕಾಲದಲ್ಲಿ ಎಷ್ಟೋ ಆಗಿವೆ. ಆದರೆ ಜಗಳೂರಿನ ಹೊಲ ಮಾರಿದರೂ ದಾವಣಗೆರೆಯ ಒಂದು ಕೋಣೆ ಬರುವುದಿಲ್ಲ. ಜೊತೆಗೆ ಸಂಬಳದಲ್ಲಿ ತಂಗಿಯ ಮದುವೆ, ತಮ್ಮನ ಓದು, ಅಪ್ಪನ ಆಸ್ಪತ್ರೆ. ಮನೆಗೆ ಮೊದಲ ಸಂಬಳ ತಂದವನ ಪಾಡು ಅದು. ಚನ್ನಗಿರಿ ಮೇಷ್ಟ್ರ ಸಂಬಳ ಅವರ ಹೆಂಡತಿ ಮಕ್ಕಳಿಗಷ್ಟೇ.

ಬ್ಯಾಂಕಿನವರು ಇಬ್ಬರಿಗೂ ಒಂದೇ ಬಡ್ಡಿ ಹೇಳಿದರು, ಒಂದೇ ನಗು ನಕ್ಕರು. ಅಲ್ಲಿ ಭೇದ ಮಾಡಿದರು ಅಂತ ನಾನು ಹೇಳಲಾರೆ. ಆದರೆ ಸಾಲ ಕೊಡಿಸುವ ಹುಡುಗರ ಬಾಯಲ್ಲಿ 'ನೆಗೆಟಿವ್ ಏರಿಯಾ', ಅಂದರೆ ಸಾಲ ಕೊಡಲು ಹಿಂಜರಿಯುವ ಜಾಗ, ಎಂಬ ಮಾತು ಸಲೀಸಾಗಿ ಬರುತ್ತದೆ. ಯಾವ ಬೀದಿಗಳು ಎಂದು ಬರೆದು ಕೊಡಿ ಅಂದರೆ ಕೊಡುವುದಿಲ್ಲ. ಅಮೆರಿಕದಲ್ಲಿ 1975ರ ಕಾನೂನಿನಿಂದ ಶುರುವಾಗಿ, ಆಮೇಲಿನ ತಿದ್ದುಪಡಿಗಳ ಮೂಲಕ, ಯಾವ ಜನಾಂಗದವರ ಎಷ್ಟು ಅರ್ಜಿ ತಿರಸ್ಕಾರವಾಯಿತು ಎಂದು ಸಾಲ ಕೊಡುವವರು ವರದಿ ಕೊಡಲೇಬೇಕಾಯಿತು. ನಮ್ಮ ಬ್ಯಾಂಕುಗಳು ಗೃಹಸಾಲದ ತಿರಸ್ಕಾರವನ್ನು ಜಾತಿವಾರು ಪ್ರಕಟಿಸಬೇಕೆಂಬ ಕಾನೂನಿಲ್ಲ. ಮೊದಲು ಅದು ಬರಲಿ ಅನ್ನುವುದು ನನ್ನ ಅಭಿಪ್ರಾಯ.

ಜಗಳೂರು ಮೇಷ್ಟ್ರು ಕೊನೆಗೆ ಬೈಪಾಸ್ ಆಚೆ ಒಂದು ರೆವಿನ್ಯೂ ಸೈಟು, ಅಂದರೆ ಬಡಾವಣೆ ಮಂಜೂರಾತಿ ಇಲ್ಲದೆ ಹೊಲದಲ್ಲಿ ಮಾಡಿದ ಸೈಟು, ತಗೊಂಡರು. ಅಂಥ ಅನಧಿಕೃತ ಆಸ್ತಿಗೆ ಕೊಡುವ ಬಿ ಖಾತಾ, ಬ್ಯಾಂಕ್ ಸಾಲ ಇಲ್ಲ, ಕೈಸಾಲ. ಅದು ತೀರಿ, ಖಾತಾ ಸರಿಯಾದ ಮೇಲೆ ಮನೆ ಕಟ್ಟಲು ಗೃಹಸಾಲ ಕೇಳುತ್ತಾರಂತೆ. ಆಗ ಅವರಿಗೆ ಐವತ್ತು. ಸರ್ಕಾರಿ ನೌಕರಿ ಅರವತ್ತಕ್ಕೆ ಮುಗಿಯುತ್ತದೆ, ಹತ್ತು ವರ್ಷದಲ್ಲಿ ತೀರಿಸಿ ಅನ್ನುತ್ತಾರೆ. ಶೇ. 8.5ರ ಬಡ್ಡಿಯಲ್ಲಿ 20 ಲಕ್ಷವನ್ನು 25 ವರ್ಷಕ್ಕೆ ತಗೊಂಡವರಿಗೆ ತಿಂಗಳ ಕಂತು 16,100 ರೂಪಾಯಿ ಸುತ್ತಮುತ್ತ, ಹತ್ತು ವರ್ಷಕ್ಕಾದರೆ 24,800. ಲೆಕ್ಕ ಹಾಕಿ ಚೀಟಿ ಕೊಟ್ಟೆ. ಮೇಷ್ಟ್ರು ಅದನ್ನು ನೋಡಿ, "ಹಂಗಾದ್ರೆ ಎರಡು ಕೋಣೆ ಬ್ಯಾಡ, ಒಂದೇ ಕಟ್ಟಿಸ್ತೀನಿ ಬಿಡ್ರೀ" ಅಂದರು.