ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೂ ಕಣ್ಣೀರೇಕೆ?

"ಅದೆಲ್ಲ ನಾಟಕ ಅಲ್ವೇನ್ರೀ? ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ. ಅದಕ್ಕೂ ಅಳೋದಾ?" ನಾನು ಜಪಾನಿನ ರೆಸ್ಲಿಂಗ್ ನೋಡುತ್ತೇನೆಂದು ತಿಳಿದವರೆಲ್ಲ ಒಂದಲ್ಲ ಒಂದು ದಿನ ಹೀಗೆ ಕೇಳಿದ್ದಾರೆ.

ಹೌದು, ಮಾತಾಡಿಕೊಂಡಿರುತ್ತಾರೆ. ಅದನ್ನು ಒಪ್ಪಿಕೊಂಡೇ ಜಪಾನಿನ ರೆಸ್ಲರ್ ಕೆಂಟಾ ಕೊಬಾಶಿ ಅವರ ಬಗ್ಗೆ ಹೇಳುತ್ತೇನೆ.

ಕೊಬಾಶಿ ಹುಟ್ಟಿದ್ದು 1967ರಲ್ಲಿ, ಕ್ಯೋಟೋ ಪ್ರಾಂತ್ಯದ ಫುಕುಚಿಯಾಮಾದಲ್ಲಿ. ಹೈಸ್ಕೂಲು ಮುಗಿಸಿ ಕ್ಯೋಸೆರಾ ಕಂಪನಿಯಲ್ಲಿ ಕೆಲಸಕ್ಕಿದ್ದವರು ಅದನ್ನು ಬಿಟ್ಟು ಜೈಂಟ್ ಬಾಬಾ ಅವರ ಆಲ್ ಜಪಾನ್ ಎಂಬ ರೆಸ್ಲಿಂಗ್ ಸಂಸ್ಥೆ ಸೇರಿ, 1988ರಲ್ಲಿ ರಿಂಗ್ ಹತ್ತಿದರು. ಮೊದಮೊದಲು ಸೋಲಿನ ಮೇಲೆ ಸೋಲು. ಆದರೆ ಹೊಡೆತ ತಿಂದು ಮತ್ತೆ ಏಳುವ ಅವರ ರೀತಿಗೇ ಜನ ಮನಸೋತರು.

ಅವರ ಮೆಚ್ಚಿನ ಪಟ್ಟು ಮೂನ್‌ಸಾಲ್ಟ್. ಮೂಲೆಯ ಕಂಬದ ತುದಿಗೆ ಹತ್ತಿ, ಎದುರಾಳಿಗೆ ಬೆನ್ನು ತೋರಿಸಿ ನಿಂತು, ಹಿಮ್ಮುಖವಾಗಿ ಪಲ್ಟಿ ಹೊಡೆದು ಅವನ ಮೇಲೆ ಬೀಳುವುದು. ನೂರು ಕಿಲೋ ಮೀರಿದ ಆ ದೇಹ ವರ್ಷಗಟ್ಟಲೆ ಹಾಗೆ ಬಿದ್ದು ಬಿದ್ದು ಮಂಡಿಗಳು ಹಾಳಾದವು. 2001ರಲ್ಲಿ ಶಸ್ತ್ರಚಿಕಿತ್ಸೆಗಳಿಗಾಗಿ ವರ್ಷಕ್ಕೂ ಹೆಚ್ಚು ಕಾಲ ರಿಂಗ್‌ನಿಂದ ದೂರ ಇರಬೇಕಾಯಿತು. ಫಲಿತಾಂಶವನ್ನು ಮಾತಾಡಿಕೊಳ್ಳಬಹುದು. ಮಂಡಿಯ ಹತ್ತಿರ ಯಾರು ಮಾತಾಡುತ್ತಾರೆ?

2003ರ ಮಾರ್ಚ್ 1ರಂದು ಟೋಕಿಯೋದ ಕ್ರೀಡಾಂಗಣ ಬುಡೋಕಾನ್‌ನಲ್ಲಿ ಮಿತ್ಸುಹಾರು ಮಿಸಾವಾ ಅವರನ್ನು ಸೋಲಿಸಿ ನೋವಾ ಎಂಬ ಇನ್ನೊಂದು ರೆಸ್ಲಿಂಗ್ ಸಂಸ್ಥೆಯ ಪಟ್ಟ ಗೆದ್ದರು. ಆ ಪಂದ್ಯದಲ್ಲಿ ಮಿಸಾವಾ ಅವರು ಕೊಬಾಶಿಯನ್ನು ಹಿಂದಿನಿಂದ ಹಿಡಿದೆತ್ತಿ, ರಿಂಗ್‌ಗೆ ಬರುವ ಎತ್ತರದ ಹಾದಿಯಿಂದ ಕೆಳಗಿನ ನೆಲಕ್ಕೆ ಕೆಡವಿದ್ದನ್ನು ನಾನು ಇಂದಿಗೂ ಉಸಿರು ಬಿಗಿಹಿಡಿಯದೆ ನೋಡಲಾರೆ. ಕೊಬಾಶಿ ಎರಡು ವರ್ಷ, 13 ಬಾರಿ, ಆ ಪಟ್ಟ ಉಳಿಸಿಕೊಂಡರು.

2006ರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಪತ್ತೆಯಾಯಿತು. ಒಂದು ಮೂತ್ರಪಿಂಡ ತೆಗೆದರು. ಹಿಂದಿನ ಪಂದ್ಯವಾಗಿ 546 ದಿನಗಳ ನಂತರ, 2007ರ ಡಿಸೆಂಬರ್ 2ರಂದು, ಕೊಬಾಶಿ ಮತ್ತೆ ಬುಡೋಕಾನ್‌ಗೆ ಬಂದರು. ಜೋಡಿ ಪಂದ್ಯ. ಎದುರಿಗೆ ಅದೇ ಮಿಸಾವಾ.

ಪ್ರಶ್ನೆ ಕೇಳುವವರಿಗೆ ನಾನು ಈ ಪಂದ್ಯವನ್ನೇ ನೋಡಲು ಹೇಳುತ್ತೇನೆ. ಎಲ್ಲವೂ ಮೊದಲೇ ನಿರ್ಧಾರವಾಗಿದ್ದರೆ, ಸಾವಿನ ಬಾಗಿಲು ತಟ್ಟಿ ಬಂದವರನ್ನು ಗೆಲ್ಲಿಸುವುದಕ್ಕಿಂತ ಸುಲಭ ಯಾವುದು? ಕೊಬಾಶಿ ಅವತ್ತು ಸೋತರು. ಮಿಸಾವಾ ಅವರೇ ಅವರನ್ನು ಕೆಡವಿ ಹಿಡಿದರು. ಕನಿಕರಪಟ್ಟು ಕೊಟ್ಟ ಗೆಲುವಿಗಿಂತ ಆ ಸೋಲು ದೊಡ್ಡ ಗೌರವ ಎಂದೇ ನನಗೆ ಕಾಣುತ್ತದೆ: ಇವರು ರೋಗಿಯಲ್ಲ, ಇನ್ನೂ ಕುಸ್ತಿಯಾಳೇ ಎಂದು ಸಭೆಯೆದುರು ಸಾರಿದ ಹಾಗೆ.

ಆದರೆ ಈ ಪ್ರೀತಿಯಲ್ಲಿ ನನಗೊಂದು ಸಂಕಟವೂ ಇದೆ. 2009ರ ಜೂನ್ 13ರಂದು ಹಿರೋಶಿಮಾದಲ್ಲಿ, ಪಂದ್ಯದ ನಡುವೆ ಬಿದ್ದ ಮಿಸಾವಾ ಮತ್ತೆ ಏಳಲಿಲ್ಲ. ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟಾಗಿತ್ತು. 46 ವರ್ಷ. ನಾವು ಚಪ್ಪಾಳೆ ತಟ್ಟಿದ ಒಂದೊಂದು ಬೀಳುವಿಕೆಯೂ ಆ ಕತ್ತಿನ ಮೇಲೆ ಲೆಕ್ಕ ಬರೆಯುತ್ತಿತ್ತು. 2003ರ ಪಂದ್ಯವನ್ನು ಈಗ ನೋಡುವಾಗ ಅದು ನೆನಪಾಗದೆ ಇರುವುದಿಲ್ಲ.

2013ರ ಮೇ 11, ಬುಡೋಕಾನ್, ಕೊಬಾಶಿ ಅವರ ಕೊನೆಯ ಪಂದ್ಯ. ಎದುರಿಗೆ ಒಂದು ಕಾಲಕ್ಕೆ ಅವರ ಸೇವೆಯಲ್ಲಿದ್ದು ಕಲಿತ ಶಿಷ್ಯರು. ಕೊನೆಗೆ ಅವರಲ್ಲೊಬ್ಬರಾದ ಕಾನೆಮಾರು ಕೆಳಗೆ ಬಿದ್ದಿದ್ದರು. ಕೊಬಾಶಿ ಮೂಲೆಗೆ ನಡೆದು, ಕಂಬ ಹತ್ತಿ, ಬೆನ್ನು ತಿರುಗಿಸಿ ನಿಂತರು. ಮೂನ್‌ಸಾಲ್ಟ್. ರೆಫರಿ ಮೂರು ಎಣಿಸಿದರು; ಕೊಬಾಶಿ ಗೆದ್ದರು. ಅದೂ ಮೊದಲೇ ತೀರ್ಮಾನವಾದದ್ದೇ. ನಾನು ನೋಡುತ್ತಿದ್ದದ್ದು ಆ ಮಂಡಿಗಳನ್ನು.