ಖಾಸಗಿ ಕಾಲೇಜಿನಲ್ಲಿ ಬಿ.ಎ.: ಫೀಸಿಗಿಂತ ಮೊದಲು ಕೇಳಬೇಕಾದ್ದು

ಪಿಯುಸಿ ರಿಸಲ್ಟ್ ಬಂದ ವಾರ ಹಾಸನದ ಕಾಲೇಜು ಆಫೀಸುಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಫೀಸ್ ಎಷ್ಟು? ಬಿ.ಎ.ಗೆ ಸೇರುವವರು ಅದಕ್ಕೂ ಮೊದಲು ಕೇಳಬೇಕಾದ್ದು, ನಿಮ್ಮಲ್ಲಿ ಕಾಯಂ ಮೇಷ್ಟ್ರು ಎಷ್ಟು ಜನ ಉಳಿದಿದ್ದಾರೆ, ಯಾವ ವಿಷಯಕ್ಕೆ ಅಂತ.

ಖಾಸಗಿ ಕಾಲೇಜುಗಳಲ್ಲಿ ಎರಡು ಬಗೆ. ಅನುದಾನಿತ ಕಾಲೇಜಿನ ಆಡಳಿತ ಟ್ರಸ್ಟಿನದು, ಮಂಜೂರಾದ ಹುದ್ದೆಗಳ ಸಂಬಳ ಸರ್ಕಾರದ್ದು. ಅನುದಾನರಹಿತದಲ್ಲಿ ಬಹುಪಾಲು ಎಲ್ಲವೂ ಫೀಸಿನಿಂದಲೇ ನಡೆಯಬೇಕು. ಹಳೆಯ ಕಲಾ ಕಾಲೇಜುಗಳಿಗೆ ಹೆಸರು ಬಂದದ್ದು ಒಂದೇ ವಿಭಾಗದಲ್ಲಿ ವರ್ಷಗಟ್ಟಲೆ ಕೂತು ಪಾಠ ಮಾಡಿದ ಅನುದಾನಿತ ಮೇಷ್ಟ್ರುಗಳಿಂದ. ಅವರು ನಿವೃತ್ತರಾದ ಮೇಲೆ ಕಥೆ ಬೇರೆ. ಖಾಲಿ ಹುದ್ದೆ ತುಂಬಲು ಸರ್ಕಾರದ ಒಪ್ಪಿಗೆ ಬೇಕು. ಅದು ಬರುವ ತನಕ ಆಡಳಿತ ಮಂಡಳಿ ಕೈಯಿಂದ ಕೊಟ್ಟು ತಾತ್ಕಾಲಿಕ ಉಪನ್ಯಾಸಕರನ್ನು ಇಟ್ಟುಕೊಳ್ಳುತ್ತದೆ. ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿದರೆ ಸೆಮಿಸ್ಟರ್ ನಡುವೆಯೇ ಹೊರಟರು. (ಅವರನ್ನು ದೂರಿ ಫಲವಿಲ್ಲ, ಆ ಸಂಬಳಕ್ಕೆ ಯಾರು ನಿಲ್ಲುತ್ತಾರೆ?) ಮೊದಲು ಪೆಟ್ಟು ಬೀಳುವುದು ಐಚ್ಛಿಕ ಕನ್ನಡಕ್ಕೆ. ಮೇಷ್ಟ್ರಿಲ್ಲ ಅಂತ ಮಕ್ಕಳು ಸೇರುವುದಿಲ್ಲ, ಮಕ್ಕಳಿಲ್ಲ ಅಂತ ಕಾಂಬಿನೇಷನ್ ಮುಚ್ಚುತ್ತದೆ, ಆ ರೂಮು ಬಿ.ಕಾಂ. ಪಾಲಾಗುತ್ತದೆ. ಹಾಗಾಗಿ ಎಚ್‌ಇಕೆ (ಇತಿಹಾಸ, ಅರ್ಥಶಾಸ್ತ್ರ, ಕನ್ನಡ) ಬೇಕಿದ್ದರೆ ಫೀಸ್ ಕಟ್ಟುವ ಮುಂಚೆ ಈಗಿನ ಎರಡನೇ ವರ್ಷದಲ್ಲಿ ಆ ಕಾಂಬಿನೇಷನ್ ನಡೀತಿದೆಯಾ ನೋಡಿ. ಪ್ರಾಸ್ಪೆಕ್ಟಸ್ ನಂಬಬೇಡಿ.

ಪ್ರಾಸ್ಪೆಕ್ಟಸ್‌ನಲ್ಲಿ ನಾಲ್ಕು ವರ್ಷದ ಆನರ್ಸ್ ಅಂತ ಇದ್ದರೆ ಅದು ಹಳತು. 2021-22ರಲ್ಲಿ ಬಂದ ಆ ವ್ಯವಸ್ಥೆ ಬಿಟ್ಟು ರಾಜ್ಯ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ.

ವಿಶ್ವವಿದ್ಯಾಲಯವನ್ನೂ ಗಮನಿಸಿ. ಚಿಕ್ಕಮಗಳೂರು 1987ರಲ್ಲಿ ಮೈಸೂರಿನಿಂದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಯಿತು. ಹಾಸನ ಮೈಸೂರಿನಲ್ಲೇ ಉಳಿದು, 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯಿತು. ಬೇಲೂರಿನ ಹುಡುಗಿಗೆ ಚಿಕ್ಕಮಗಳೂರು ಹತ್ತಿರವೇ, ಆದರೆ ಮಧ್ಯದಲ್ಲಿ ಕಾಲೇಜು ಬದಲಿಸಬೇಕಾಗಿ ಬಂದರೆ ವಿಶ್ವವಿದ್ಯಾಲಯವೂ ಬದಲು. ಸಿಲಬಸ್ ಹೊಂದದೆ ಹಿಂದಿನ ಪೇಪರ್‌ಗಳನ್ನು ಮತ್ತೆ ಬರೆಯುವ ಪ್ರಸಂಗ ಬರಬಹುದು.

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಗ್ರೇಡಿನ ಬ್ಯಾನರ್ ಎಲ್ಲ ಗೇಟಿಗೂ ಇರುತ್ತದೆ. 'ಎ' ಅಂದರೆ 4ಕ್ಕೆ 3.01ರಿಂದ 3.25, 'ಬಿ' ಅಂದರೆ 2.01ರಿಂದ 2.50. ಮಾನ್ಯತೆ ಸಾಮಾನ್ಯವಾಗಿ 5 ವರ್ಷ, ಆದ್ದರಿಂದ ಬ್ಯಾನರಿನ ಇಸವಿ ಓದಿ. ನಿಜವಾದ ಸರಕು ಕಾಲೇಜು ನ್ಯಾಕ್‌ಗೆ ಕೊಟ್ಟು ವೆಬ್‌ಸೈಟಿನಲ್ಲಿ ಹಾಕಿರುವ ಸ್ವಯಂ ಅಧ್ಯಯನ ವರದಿಯಲ್ಲಿದೆ. ಮಂಜೂರಾದ ಹುದ್ದೆ ಎಷ್ಟು, ಕಾಯಂ ಉಪನ್ಯಾಸಕರು ಎಷ್ಟು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ.

ಆಮೇಲೆ ಲೈಬ್ರರಿ. ಪುಸ್ತಕಗಳ ಸಂಖ್ಯೆ ಕೇಳಿ ಉಪಯೋಗವಿಲ್ಲ. ಇತಿಹಾಸದ ಕಪಾಟಿನಿಂದ ನಾಲ್ಕು ಪುಸ್ತಕ ತೆಗೆದು, ಅಂಟಿಸಿದ ಚೀಟಿಯಲ್ಲಿ ಕೊನೆಯ ತಾರೀಖು ಯಾವುದು ನೋಡಿ. ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾ ಇದೆಯಾ ಕೇಳಿ. ಬಿ.ಎಲ್. ರೈಸ್ ಸಂಪಾದಿಸಿದ ಹಳೆಯ ಸರಣಿಯಲ್ಲಿ ಹಾಸನ 5ನೇ ಸಂಪುಟ, ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಚಿಕ್ಕಮಗಳೂರು 6ನೇದು. ಹಲ್ಮಿಡಿ, ಹಳೇಬೀಡು ಇರುವ ಜಿಲ್ಲೆಯ ಇತಿಹಾಸ ವಿಭಾಗಕ್ಕೆ ಅದು ಯಾವ ಬೀರುವಿನಲ್ಲಿದೆ ಅಂತಲೂ ಗೊತ್ತಿಲ್ಲದಿದ್ದರೆ, ಪಕ್ಕದ ಸರ್ಕಾರಿ ಕಾಲೇಜಿನ ಅರ್ಜಿಯನ್ನೂ ತಂದಿಟ್ಟುಕೊಳ್ಳಿ.